ಉಜ್ಜದ ಕಲ್ಲು

ಹೊಟ್ಟೆ ಚುರುಗುಟ್ಟುವವರೆಗೆ ಕಾದು ಉಂಡರೆ ಸಪ್ಪೆ ಕೂಳಿಗೂ ಬಾಡೂಟದ ರುಚಿ ಬರುತ್ತದೆ ಎಂದು ದೊರೆಗೇ ಹೇಳಿ, ಕೈಮುಗಿದು ಮನೆಯ ದಾರಿ ಹಿಡಿದವನೊಬ್ಬ ಹಳೆಯ ಚೀನಾದಲ್ಲಿದ್ದ. ಯಾನ್ ಛು ಅಂತ ಹೆಸರು. ಸುಮಾರು 2,300 ವರ್ಷಗಳ ಹಿಂದಿನ ಮಾತು. ರಾಜ್ಯಗಳು ಒಂದನ್ನೊಂದು ನುಂಗಲು ಹೊಂಚುತ್ತಿದ್ದ ಕಾಲ. ಸಹಜತೆಗೆ, ಪ್ರಾಮಾಣಿಕತೆಗೆ ಮರಳುವುದನ್ನು ಚೀನೀಯರು ಇವತ್ತಿಗೂ ‘ಫಾನ್ ಪು ಗುಯಿ ಝೆನ್’ ಎನ್ನುತ್ತಾರಲ್ಲ, ಅದರ ಬೇರು ಇವನ ಮಾತಿನಲ್ಲಿದೆ. ಕಥೆ ಸಿಗುವುದು ‘ಝಾನ್‌ಗುವೊ ತ್ಸ’ ಎಂಬ ಪ್ರಾಚೀನ ಸಂಗ್ರಹದಲ್ಲಿ.

ಚೀ ರಾಜ್ಯದ ಷುವಾನ್ ದೊರೆ ಇವನನ್ನು ಮುಂದೆ ಬಾ ಎಂದು ಕರೆದ. ಇವನು, ದೊರೆಯೇ ಮುಂದೆ ಬರಲಿ ಎಂದ! ನಾನು ಹೋದರೆ ಅಧಿಕಾರಕ್ಕೆ ಹಲ್ಲುಗಿಂಜಿದಂತೆ, ದೊರೆ ಬಂದರೆ ವಿದ್ವಾಂಸನನ್ನು ಗೌರವಿಸಿದಂತೆ ಎಂಬುದು ಅವನ ವಾದ. ರಾಜ ದೊಡ್ಡವನೋ ವಿದ್ವಾಂಸನೋ ಎಂದು ದೊರೆ ಕೆರಳಿ ಕೇಳಿದಾಗ, ಹಿಂದೆ ಚಿನ್ ರಾಜ್ಯದ ಸೇನೆ ಚೀ ಮೇಲೆ ದಂಡೆತ್ತಿ ಬಂದಾಗ ಹೊರಡಿಸಿದ ಆಜ್ಞೆಗಳನ್ನು ನೆನಪಿಸಿದ. ಲಿಯುಷಿಯಾ ಎಂಬ ಸಜ್ಜನನ ಸಮಾಧಿಯಿಂದ 50 ಹೆಜ್ಜೆಯೊಳಗೆ ಸೌದೆ ಕಡಿದವನಿಗೆ ಮರಣದಂಡನೆ; ಚೀ ದೊರೆಯ ತಲೆ ತಂದವನಿಗೆ 10,000 ಮನೆಗಳ ಜಹಗೀರು. ಬದುಕಿರುವ ರಾಜನ ತಲೆಗಿಂತ ಸತ್ತ ಸಜ್ಜನನ ಗೋರಿಗೇ ಬೆಲೆ ಹೆಚ್ಚು! ಎಂಥ ಎದೆಗಾರಿಕೆ ನೋಡಿ.

ದೊರೆ ಸೋತ. ನಿನ್ನ ಶಿಷ್ಯನಾಗುತ್ತೇನೆ, ದಿನವೂ ಭೂರಿಭೋಜನ, ಓಡಾಡಲು ರಥ, ಹೆಂಡತಿ ಮಕ್ಕಳಿಗೆ ಚೆಂದದ ಬಟ್ಟೆ ಎಂದ. ಛು ಒಲ್ಲೆನೆಂದ. ಬೆಟ್ಟದ ಜೇಡ್ ಕಲ್ಲನ್ನು ಕಡೆದಾಗಲೂ ಅದು ಬೆಲೆಬಾಳುತ್ತದೆ, ಇಡಿಯಾಗಿ ಮಾತ್ರ ಉಳಿಯುವುದಿಲ್ಲ ಎಂಬುದು ಅವನ ಉತ್ತರ. ಜೇಡ್ ಸುಲಭಕ್ಕೆ ಉಳಿಗೆ ಬಗ್ಗುವ ಕಲ್ಲಲ್ಲ. ಮರಳು, ನೀರು ಹಾಕಿ ತಾಳ್ಮೆಯಿಂದ ಉಜ್ಜಿ ಉಜ್ಜಿಯೇ ಅದಕ್ಕೆ ಆಕಾರ ಕೊಡುತ್ತಿದ್ದರು. ಅರಮನೆ ಮನುಷ್ಯನನ್ನು ಸವೆಸುವುದೂ ಹಾಗೆಯೇ, ಅವನಿಗೇ ಗೊತ್ತಾಗದಂತೆ.

ವಿದ್ಯೆಯನ್ನು ಜೇಡ್ ಕಡೆಯುವ ಕೆಲಸಕ್ಕೆ ಹೋಲಿಸಿ ಹೊಗಳಿದ ಕನ್‌ಫ್ಯೂಷಿಯಸ್ ಪಂಥದವರೂ ಅದೇ ನಾಡಿನವರು. ಅವರದೂ ಸರಿಯೇ. ಛು ಕೂಡ ಓದಿಕೊಂಡವನು. ಇತಿಹಾಸ ಗೊತ್ತಿಲ್ಲದವನಿಗೆ ಹಾಗೆ ವಾದ ಹೂಡಲಾಗದು. ಅವನು ಬೇಡವೆಂದದ್ದು ಕಲಿಕೆಯನ್ನಲ್ಲ, ಕಲಿಕೆಯ ಮಾರಾಟವನ್ನು. ಹೆದ್ದಾರಿ ತೆರೆದಿರುವಾಗ ಕಾಲುದಾರಿ ಹಿಡಿದದ್ದಕ್ಕೇ ನನಗೆ ಅವನ ಮೇಲೆ ಗೌರವ. ಬೇರೆ ಗತಿಯಿಲ್ಲದೆ ನಡೆಯುವವನ ಬಡತನವನ್ನು ಸರಳತೆಯೆಂದು ಹೊಗಳುವುದು ಅನ್ಯಾಯ.

ಇನ್ನೊಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ಚೆಂದದ ಬಟ್ಟೆ ಬೇಕೇ ಬೇಡವೇ ಎಂದು ಹೆಂಡತಿಯನ್ನು ಯಾರೂ ಕೇಳಿದಂತಿಲ್ಲ. ಗಂಡನ ನಿರ್ಧಾರವನ್ನು ಅವಳೂ ಒಪ್ಪಿರಬಹುದು. ಆದರೆ ಅದನ್ನು ಅವಳ ಬಾಯಿಂದಲೇ ಕೇಳಬೇಕಿತ್ತು.