ಬಾದಾಮಿಗೆ ಹೋದವರು ಬನಶಂಕರಿಯ ನಾಟಕ ನೋಡಿ

ಬಾದಾಮಿ ಎಂದೊಡನೆ ಪ್ರವಾಸಿಗರ ಕಣ್ಣಿಗೆ ಕಟ್ಟುವುದು ಕೆಂಪು ಬಂಡೆಯಲ್ಲಿ ಕೊರೆದ ನಾಲ್ಕು ಗುಹೆಗಳು, ಕೆಳಗೆ ಅಗಸ್ತ್ಯತೀರ್ಥದ ಹಸಿರು ನೀರು ಮತ್ತು ಕೈಚೀಲ ಕಂಡರೆ ಬಿಡದ ಕೋತಿಗಳು. ಬೆಳಿಗ್ಗೆ ಗುಹೆ, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಉಳಿದರೆ ಐಹೊಳೆ. ಸಂಜೆಯಾಗುತ್ತಲೇ ಸ್ಮಾರಕಗಳಿಗೆಲ್ಲ ಬೀಗ. ಆಮೇಲೇನು? ಲಾಡ್ಜಿನ ಕೋಣೆಯಲ್ಲಿ ಟೀವಿ ಹಚ್ಚಿಕೊಂಡು ಕೂರುವುದು, ಇಲ್ಲವೇ ರಾತ್ರಿ ಬಸ್ಸು ಹಿಡಿದು ಮುಂದಿನ ಊರಿಗೆ ಮುಖ ಮಾಡುವುದು.

ಪುಷ್ಯ ಮಾಸದಲ್ಲಿ ಬಂದವರಿಗೆ ಮಾತ್ರ ಈ ಪ್ರಶ್ನೆ ಏಳಬೇಕಾಗಿಲ್ಲ. ಊರಿಂದ ಐದು ಕಿ.ಮೀ. ಆಚೆ, ಚೊಳಚಗುಡ್ಡದ ದಾರಿಯಲ್ಲಿ ಬನಶಂಕರಿಯ ಜಾತ್ರೆ ನೆರೆದಿರುತ್ತದೆ. ಬನದ ಹುಣ್ಣಿಮೆಯ ದಿನ ತೇರು ಎಳೆದರೂ ಜಾತ್ರೆ ಅಲ್ಲಿಗೆ ಮುಗಿಯುವುದಿಲ್ಲ; ವಾರಗಟ್ಟಲೆ ಸಾಗುತ್ತದೆ. ರಸ್ತೆಯ ಎರಡೂ ಬದಿ ಮಿಠಾಯಿ ಅಂಗಡಿ, ಅಮೀನಗಡದ ಕರದಂಟು, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ. ಒಂದು ಕಡೆ ಸಾಗವಾನಿಯ ಬಾಗಿಲು ಚೌಕಟ್ಟುಗಳು ಸಾಲಾಗಿ ನಿಂತಿರುತ್ತವೆ. ಹೊಸ ಮನೆ ಕಟ್ಟುವವರು ಅದಕ್ಕೆಂದೇ ಈ ಜಾತ್ರೆಯ ದಾರಿ ಕಾಯುತ್ತಾರೆ. ಇನ್ನೊಂದು ಕಡೆ ಎತ್ತುಗಳ ಸಂತೆ. ಇವೆಲ್ಲವನ್ನೂ ದಾಟಿ ಹೋದರೆ ತಗಡಿನ ಗೋಡೆಗಳ ದೊಡ್ಡ ದೊಡ್ಡ ಟೆಂಟುಗಳು. ಅವೇ ನಾಟಕ ಕಂಪನಿಗಳ ಥಿಯೇಟರುಗಳು.

ಒಂದಲ್ಲ, ಎರಡಲ್ಲ. ಐದಾರರಿಂದ ಹತ್ತರವರೆಗೂ ಕಂಪನಿಗಳು ಇಲ್ಲಿ ಏಕಕಾಲಕ್ಕೆ ಕ್ಯಾಂಪು ಹಾಕುತ್ತವೆ. ಅಕ್ಕಪಕ್ಕದಲ್ಲೇ ಟೆಂಟು, ಅಕ್ಕಪಕ್ಕದಲ್ಲೇ ಧ್ವನಿವರ್ಧಕ. ಒಬ್ಬರ ಹಾಸ್ಯಕ್ಕೆ ಇನ್ನೊಬ್ಬರ ಪ್ರೇಕ್ಷಕರು ನಕ್ಕರೂ ಆಶ್ಚರ್ಯವಿಲ್ಲ! ಇಡೀ ರಾಜ್ಯದ ವೃತ್ತಿ ರಂಗಭೂಮಿಯಲ್ಲಿ ಇಂದು ಉಸಿರಾಡುತ್ತಿರುವುದು ಎಷ್ಟಿದೆಯೋ ಅದರ ಬಹುಪಾಲನ್ನು ಒಂದೇ ಬಯಲಿನಲ್ಲಿ ಕಾಣಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಮತ್ತೊಂದಿಲ್ಲ.

ಮೊದಲ ಸಲ ಬಂದವರು ತುಸು ಮುಂಚೆಯೇ ಬರುವುದು ಲೇಸು. ತೇರಿನ ಹಿಂದಿನ ದಿನ ದೇವಿಗೆ ‘ಪಲ್ಲೇದ ಹಬ್ಬ’. ಬನಶಂಕರಿ ಎಂದರೆ ಶಾಕಂಬರಿ; ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಜನರನ್ನು ಬದುಕಿಸಿದವಳು ಎಂಬ ನಂಬಿಕೆ. ಹಾಗಾಗಿ 108 ಬಗೆಯ ಪಲ್ಲೆಗಳ ನೈವೇದ್ಯ. ತೇರಿನ ಹಗ್ಗ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರಬೇಕೆಂಬುದು ಪದ್ಧತಿ. ದೇವಾಂಗ ನೇಕಾರರಿಗೆ ಈಕೆ ಕುಲದೇವಿ, ಆದ್ದರಿಂದ ಮಹಾರಾಷ್ಟ್ರ, ಆಂಧ್ರದ ಕಡೆಯಿಂದಲೂ ಭಕ್ತರು ಬರುತ್ತಾರೆ. ಊಟದ ಚಿಂತೆಯೂ ಇಲ್ಲ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತರುವ ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಲೆ, ಗಟ್ಟಿ ಮೊಸರು... ಪುಷ್ಕರಣಿಯ ಕಟ್ಟೆಯ ಮೇಲೆ ಕುಳಿತು ಇದನ್ನು ಉಂಡವರು ಬಾದಾಮಿಯ ಹೋಟೆಲುಗಳನ್ನು ನೆನೆಯಲಾರರು.

ಮೂರನೆಯ ಗಂಟೆ

ರಾತ್ರಿ ಟಿಕೆಟ್ ಕೊಳ್ಳುವ ಮುಂಚೆ ಬೋರ್ಡು ಓದುವುದೇ ಒಂದು ಮನರಂಜನೆ. ಸೊಸೆ, ಅತ್ತೆ, ಗೌಡ, ಹಳ್ಳಿ ಹುಡುಗಿ, ಪ್ಯಾಟಿ ಹುಡುಗ – ಈ ಐವರನ್ನು ಬಿಟ್ಟು ಶೀರ್ಷಿಕೆಗಳಿಲ್ಲ. ‘ಯಾವುದು ಚಲೋ ಐತ್ರಿ?’ ಎಂದು ಪಕ್ಕದ ಚಹಾದ ಅಂಗಡಿಯಲ್ಲಿ ಕೇಳಿದರೆ ಖಂಡಿತ ಮೂರು ಉತ್ತರ ಸಿಗುತ್ತದೆ. ಜಾತ್ರೆಗೆ ವರ್ಷವೂ ಬರುವವರು ನಾಟಕದ ಹೆಸರು ನೋಡುವುದಿಲ್ಲ. ಹಾಸ್ಯದ ಪಾರ್ಟು ಯಾರದು ಎಂದು ಕೇಳುತ್ತಾರೆ.

ಒಳಗೆ ಮುಂದಿನ ಸಾಲಿಗೆ ಕುರ್ಚಿ, ಹಿಂದೆ ನೆಲ. ರಂಗದ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ಈಚೆಗೆ ಕೀಬೋರ್ಡ್ ಮತ್ತು ರಿದಂ ಪ್ಯಾಡ್. ಒಂದನೆಯ ಗಂಟೆಗೆ ಜನ ಕೂರುತ್ತಾರೆ, ಎರಡನೆಯದಕ್ಕೆ ಮಕ್ಕಳ ಅಳು ನಿಲ್ಲುತ್ತದೆ, ಮೂರನೆಯದಕ್ಕೆ ಪರದೆ. ಅರಮನೆ, ಬೀದಿ, ಕಾಡು ಎಲ್ಲವೂ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದವು. ಒಂದನ್ನು ಸುತ್ತಿ ಮೇಲೆತ್ತಿದರೆ ಹಿಂದೆ ಇನ್ನೊಂದು. ನಟರು ಪ್ರೇಕ್ಷಕರ ಕಡೆಗೇ ಮುಖ ಮಾಡಿ ಮಾತಾಡುತ್ತಾರೆ, ಪ್ರೇಕ್ಷಕರೂ ತಿರುಗಿ ಮಾತಾಡುತ್ತಾರೆ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’. ಸತ್ತು ಬಿದ್ದ ಪಾತ್ರಧಾರಿ ಎದ್ದು ಮತ್ತೆ ಹಾಡಿ ಮತ್ತೆ ಸತ್ತ ಕಥೆಗಳು ಕಂಪನಿ ರಂಗಭೂಮಿಯಲ್ಲಿ ಬೇಕಾದಷ್ಟಿವೆ. ತೇರಿನ ಆಸುಪಾಸಿನ ದಿನಗಳಲ್ಲಿ ಒಂದೊಂದು ಕಂಪನಿ ದಿನಕ್ಕೆ ಮೂರು ನಾಲ್ಕು ಆಟ ಆಡುತ್ತದೆ. ಕೊನೆಯದು ಮುಗಿಯುವಾಗ ಮೂಡಣ ಬೆಳ್ಳಗಾಗಿರುತ್ತದೆ.

ನಗರದ ಹವ್ಯಾಸಿ ನಾಟಕ ನೋಡಿ ರೂಢಿಯಾದವರಿಗೆ ಇದು ಅತಿ ಎನಿಸಬಹುದು. ಅತಿಯೇ ಹೌದು. ಆದರೆ ಕನ್ನಡದ ಬೆಳ್ಳಿತೆರೆ ಕಲಿತದ್ದು ಈ ಅತಿಯಿಂದಲೇ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ರಾಜಕುಮಾರ್ ಬಣ್ಣ ಹಚ್ಚಿದ್ದು ಅಲ್ಲಿ. ಬಿ.ವಿ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಸೇರಿದ್ದೂ ಅಲ್ಲೇ. ಇದೇ ಬಾಗಲಕೋಟೆ ಜಿಲ್ಲೆಯ ಪಿ.ಬಿ. ಧುತ್ತರಗಿಯವರು ಕಂಪನಿಗಳಿಗೆಂದು ಬರೆದ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಚಲನಚಿತ್ರವಾಯಿತು. ರಾಜಕುಮಾರ್ ಗಾಯಕರಾಗಿ ಮನೆಮಾತಾದದ್ದು ಅದರ ಹಾಡಿನಿಂದ. ಸಿನಿಮಾದ ಹೆಸರು ಎಲ್ಲರಿಗೂ ಗೊತ್ತು. ನಾಟಕಕಾರನ ಹೆಸರು? ಬೆಂಗಳೂರಿನಿಂದ ಬಂದ ಪ್ರವಾಸಿಗರಲ್ಲಿ ಹತ್ತಕ್ಕೆ ಒಬ್ಬರು ಹೇಳಿದರೆ ಹೆಚ್ಚು.

ಇಲ್ಲಿಂದ ಒಂದೆರಡು ತಾಸಿನ ಹಾದಿಯ ಗದುಗಿನಲ್ಲಿ ಇನ್ನೂ ವಿಚಿತ್ರವಾದ ನಂಟು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮವೆಂದರೆ ಸಂಗೀತ. ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು. ಇಬ್ಬರೂ ಅಂಧರು. ಆದರೆ ಆಶ್ರಮದ ಅಂಧ, ಅನಾಥ ಮಕ್ಕಳ ಅನ್ನಕ್ಕೆ ಆಸರೆಯಾದವುಗಳಲ್ಲಿ ಆಶ್ರಮದ್ದೇ ನಾಟಕ ಕಂಪನಿಯೂ ಒಂದು. ಪುಟ್ಟರಾಜರು ಸ್ವತಃ ನಾಟಕಗಳನ್ನು ಬರೆದರು. ಭಕ್ತಿ, ಖಯಾಲು, ಕಂಪನಿ ನಾಟಕ – ಬೇರೆ ಬೇರೆ ಎಂದು ಪೇಟೆಯವರು ಭಾವಿಸುವ ಇವೆಲ್ಲ ಈ ಸೀಮೆಯಲ್ಲಿ ಒಂದೇ ಒಲೆಯ ಮೇಲೆ ಬೆಂದವು.

ಕಲೆಕ್ಷನ್ನಿನ ಮಾತು

ಜಾತ್ರೆಯ ಸಡಗರದ ಹಿಂದೆ ಲೆಕ್ಕದ ಪುಸ್ತಕವೂ ಇದೆ. ಸಣ್ಣ ಊರುಗಳ ಕ್ಯಾಂಪಿನಲ್ಲಿ ಆದ ನಷ್ಟವನ್ನು ಕಂಪನಿ ಮಾಲೀಕ ತುಂಬಿಕೊಳ್ಳುವುದು ಇಲ್ಲಿ, ಆಮೇಲೆ ಶಿರಸಿಯ ಮಾರಿಕಾಂಬೆಯಂಥ ದೊಡ್ಡ ಜಾತ್ರೆಗಳಲ್ಲಿ. ಟೆಂಟಿನ ಜಾಗದ ಬಾಡಿಗೆ, ಕರೆಂಟು, ಲಾರಿ, ನಟನಟಿಯರ ಪಗಾರ, ದಿನಕ್ಕೆ ಎರಡು ಹೊತ್ತು ಎಲ್ಲರ ಊಟ. ಕೋವಿಡ್ ಕಾಲದಲ್ಲಿ ಜಾತ್ರೆಗಳೇ ನಿಂತಾಗ ಪರದೆ ಸುತ್ತಿಟ್ಟು ಊರಿಗೆ ಮರಳಿದ ಕಲಾವಿದರೆಲ್ಲರೂ ತಿರುಗಿ ಬಂದಿಲ್ಲ.

ಪೈಪೋಟಿ ಹೆಚ್ಚಿದಂತೆ ಮಾತು ಸಡಿಲವಾಯಿತು. ದ್ವಂದ್ವಾರ್ಥದ ಸಂಭಾಷಣೆ ಇಲ್ಲದಿದ್ದರೆ ಟೆಂಟು ತುಂಬದು ಎನ್ನುವವರು ಮಾಲೀಕರು. ಅದರಿಂದಲೇ ಮನೆಮಂದಿ ಬರುವುದು ಬಿಟ್ಟರು ಎನ್ನುವವರು ಹಳೆಯ ಕಲಾವಿದರು. ಎರಡರಲ್ಲೂ ಸತ್ಯವಿದೆ. ಆದರೂ ಏಣಗಿ ಬಾಳಪ್ಪನವರಂಥವರು ಬಸವಣ್ಣನ ಪಾತ್ರ ಮಾಡಿ ಊರಿಗೆ ಊರನ್ನೇ ಕೈಮುಗಿಸಿದ್ದು ಇದೇ ಬಗೆಯ ಟೆಂಟಿನಲ್ಲಿ ಎಂಬುದನ್ನು ಮರೆಯುವಂತಿಲ್ಲ. ಟೀವಿ ಧಾರಾವಾಹಿಯ ಮುಖಗಳನ್ನು ಅತಿಥಿಯಾಗಿ ಕರೆಸುವುದು ಈಗಿನ ಉಪಾಯ. ಹೊರಗೆ ಅವರದೇ ದೊಡ್ಡ ಫೋಟೋ. ಒಳಗೆ ಮೂರು ತಾಸು ನಾಟಕವನ್ನು ಹೊರುವ ನಟಿಗೆ ಬೋರ್ಡಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ.

ಕೊಂಚ ನೋಟ ಹರಿಸಿದರೆ ಸುಸಂಸ್ಕೃತ ಹಾಸ್ಯದ ನಾಟಕವೂ ಈ ಸಾಲಿನಲ್ಲಿ ಸಿಗುತ್ತದೆ. ಮಕ್ಕಳೊಂದಿಗೆ ಬಂದವರು ಸಂಜೆಯ ಮೊದಲ ಆಟಕ್ಕೆ ಹೋಗುವುದು ಕ್ಷೇಮ. ನಡುರಾತ್ರಿಯ ಆಟದ ಮಾತಿನ ಖಾರವೇ ಬೇರೆ.

ಪ್ರವಾಸೋದ್ಯಮದವರು ಈ ಬಯಲಿನ ಕಡೆ ಕಣ್ಣು ಹಾಯಿಸಿದ್ದು ಕಡಿಮೆ. ಚಾಲುಕ್ಯ ಉತ್ಸವವೆಂದರೆ ದೀಪಾಲಂಕಾರದ ವೇದಿಕೆ, ಬೆಂಗಳೂರು-ಮುಂಬಯಿಯ ಗಾಯಕರು. ಅದೂ ನಡೆದ ವರ್ಷ ನಡೆಯಿತು, ಇಲ್ಲದ ವರ್ಷ ಇಲ್ಲ. ಬನಶಂಕರಿಯ ನಾಟಕಕ್ಕೆ ಆಮಂತ್ರಣ ಪತ್ರಿಕೆ ಬೇಡ, ವಿ.ಐ.ಪಿ. ಪಾಸು ಬೇಡ. ಕರಾವಳಿಯಲ್ಲಿ ಮೇಳದ ಆಟ, ಹೆಗ್ಗೋಡಿನಲ್ಲಿ ನೀನಾಸಂ ತಿರುಗಾಟ ಹೇಗೋ ಹಾಗೆ ಮಲಪ್ರಭೆಯ ಈ ದಂಡೆಗೆ ಕಂಪನಿ ನಾಟಕ. ಯಕ್ಷಗಾನಕ್ಕೆ ಕೇಂದ್ರಗಳಿವೆ, ನೀನಾಸಂಗೆ 1991ರ ಮ್ಯಾಗ್ಸೆಸೆ ಪುರಸ್ಕೃತ ಕೆ.ವಿ. ಸುಬ್ಬಣ್ಣನವರ ಹೆಸರಿದೆ. ಕಂಪನಿಗೆ ಇರುವುದು ಗಲ್ಲಾಪೆಟ್ಟಿಗೆ ಮಾತ್ರ.

ಹೀಗೆಂದು ಈ ನೆಲಕ್ಕೆ ನಟರು ಹೊಸಬರೇನಲ್ಲ. ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷನ ಗೋಪುರ ನೋಡಿ ಬೆರಗಾಗಿ ಹಿಂತಿರುಗುತ್ತಾರೆ. ಅಲ್ಲಿನ ಶಾಸನವೊಂದರಲ್ಲಿ ಅಚಲನೆಂಬ ನಟನ ಹೊಗಳಿಕೆಯಿದೆ. ಭರತನ ನಾಟ್ಯಪರಂಪರೆ ಬಲ್ಲವನೆಂದು ಅವನ ಬಿರುದನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ.

ಬಾದಾಮಿಗೆ ಹುಬ್ಬಳ್ಳಿ, ಗದುಗಿನಿಂದ ರೈಲಿದೆ. ಸ್ಟೇಷನ್ ಊರಿಂದ ತುಸು ದೂರ. ಜಾತ್ರೆಯ ದಿನಗಳಲ್ಲಿ ಬಸ್ಸು, ಟಂಟಂಗಳಿಗೆ ಕೊರತೆಯಿಲ್ಲ. ಲಾಡ್ಜುಗಳಿಗೆ ಮಾತ್ರ ಮುಂಚೆಯೇ ಹೇಳಿಡಬೇಕು. ಜನವರಿಯ ರಾತ್ರಿ, ತಗಡಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಒಂದು ಚಾದರ ಜೊತೆಗಿರಲಿ. ಕೊನೆಯ ಆಟ ಬಿಟ್ಟ ಮೇಲೆ ಮೊದಲ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ಅಷ್ಟರಲ್ಲಿ ಬಣ್ಣ ಅರ್ಧ ಒರೆಸಿಕೊಂಡ ಗೌಡ, ಸೊಸೆ, ಹಾಸ್ಯದವ ಎಲ್ಲರೂ ಚಹಾದ ಅಂಗಡಿಯ ಮುಂದೆ ಬಂದು ನಿಂತಿರುತ್ತಾರೆ.