ಅಂಗರಕ್ಷಕನ ಚೀಲ

ನನ್ನ ಮಗನು ಹದಿನೈದು ವರ್ಷ ಸೈನ್ಯದಲ್ಲಿದ್ದು, ಈಗ ಬೆಂಗಳೂರಿನಲ್ಲಿ ಉದ್ಯಮಿಯೊಬ್ಬರ ಅಂಗರಕ್ಷಕನಾಗಿದ್ದಾನೆ. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನನಗೆ ಅವನ ಈ ವೃತ್ತಿಯು ಮೊದಮೊದಲು ರುಚಿಸಲಿಲ್ಲವೆಂಬುದನ್ನು ಮರೆಮಾಚಲಾರೆ. ಕಳೆದ ಯುಗಾದಿಗೆ ಊರಿಗೆ ಬಂದಿದ್ದವನು, ಹೊರಡುವ ಹಿಂದಿನ ಸಂಜೆ ಜಗುಲಿಯ ಮೇಲೆ ಒಂದು ಕಪ್ಪು ಚೀಲವನ್ನು ಬರಿದುಮಾಡಿ, ಅದರೊಳಗಿನ ಸಾಮಾನುಗಳನ್ನು ಒಂದೊಂದಾಗಿ ಪರೀಕ್ಷಿಸಿ ಮತ್ತೆ ತುಂಬತೊಡಗಿದನು. ನಾನೂ ಪಕ್ಕದಲ್ಲಿ ಕುಳಿತೆನು.

“ಜ್ವರದ ಮಾತ್ರೆಯೇ ಕಾಣದಲ್ಲಯ್ಯ!” ಎಂದೆನು.

“ಅದಕ್ಕೆ ಬೇರೆ ಡಬ್ಬಿಯಿದೆ, ಅಪ್ಪ. ಇದು ಆಸ್ಪತ್ರೆ ಮುಟ್ಟುವವರೆಗೆ ರಕ್ತವನ್ನೂ ಉಸಿರನ್ನೂ ಹಿಡಿದಿಡುವುದಕ್ಕೆ ಮಾತ್ರ.”

ಕೈಗವಸುಗಳು ಎಲ್ಲಕ್ಕಿಂತ ಮೇಲೆ. ಬಟ್ಟೆಯನ್ನು ಸೀಳಲು ಮೊನೆ ಮೊಂಡಾದ ಕತ್ತರಿ. ಎದೆಯ ಗಾಯಕ್ಕೆ ಅಂಟಿಸುವ ಹಾಳೆಗಳು, ಗುಂಡು ಹೊಕ್ಕ ರಂಧ್ರಕ್ಕೊಂದು, ಹೊರಬಿದ್ದ ರಂಧ್ರಕ್ಕೊಂದೆಂದು ಎರಡು. ಬೆಳ್ಳಿಯಂತೆ ಹೊಳೆಯುವ ತೆಳುವಾದ ಹೊದಿಕೆ, ಏಕೆಂದರೆ ಮೈ ತಣ್ಣಗಾದರೆ ರಕ್ತವು ಹೆಪ್ಪುಗಟ್ಟುವ ಶಕ್ತಿಯೂ ಕುಂದುತ್ತದೆ. ಕೇಯೊಲಿನ್ ಎಂಬ ಬಿಳಿಯ ಜೇಡಿಮಣ್ಣನ್ನು ಲೇಪಿಸಿದ ಬಟ್ಟೆಯ ಸುರುಳಿಯೂ ಇದ್ದಿತು. ಅದನ್ನು ಗಾಯದ ಆಳಕ್ಕೆ ತುರುಕಿ, ಮೂರು ನಿಮಿಷ ಕೈತೆಗೆಯದೆ ಒತ್ತಬೇಕಂತೆ.

“ಸ್ಕಂದನ!” ಎಂದು ಉದ್ಗರಿಸಿದೆನು. ರಕ್ತವನ್ನು ನಿಲ್ಲಿಸಲು ಸುಶ್ರುತನು ಹೇಳಿದ ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳಲ್ಲಿ ಎರಡನೆಯದು. ಪಾಠಶಾಲೆಯಲ್ಲಿ ನನ್ನ ಕೊಠಡಿಯ ಜೊತೆಗಾರನು ಆಯುರ್ವೇದದ ವಿದ್ಯಾರ್ಥಿ. ಅವನು ಉರುಹೊಡೆಯುವುದನ್ನು ಕೇಳಿ ಕೇಳಿಯೇ ಕೋಶ, ದಾಮ, ಸ್ವಸ್ತಿಕ ಮೊದಲಾದ ಹದಿನಾಲ್ಕು ಬಂಧಗಳೂ ನನಗೆ ಕಂಠಸ್ಥವಾಗಿದ್ದುವು. ಯುದ್ಧದಲ್ಲಿ ವೈದ್ಯರು ಶಸ್ತ್ರ, ಯಂತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಹಿಡಿದು ಸೈನ್ಯದ ಹಿಂದೆ ಸಿದ್ಧರಾಗಿರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಇಷ್ಟನ್ನೂ ಮಗನಿಗೆ ಹೇಳಿ ಕೊಂಚ ಬೀಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಹೇಳುತ್ತಿರುವಾಗಲೇ 1996ರ ಒಂದು ಮಧ್ಯಾಹ್ನವು ನೆನಪಿಗೆ ಬಂದು ನಾಲಗೆ ತಡೆಯಿತು. ಆಟದ ಭರದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನ ತೋಳು ಕಿಟಕಿಯ ಗಾಜಿಗೆ ಸಿಕ್ಕಿ ಸೀಳಿತು. ರಕ್ತವು ಚಿಮ್ಮಿ ಚಿಮ್ಮಿ ಬರುತ್ತಿದ್ದಿತು. ನಾನು ಅಂಗವಸ್ತ್ರವನ್ನು ಸುತ್ತಿದೆನು, ನಿಂತಿತೇ ಎಂದು ಬಿಚ್ಚಿ ನೋಡಿದೆನು, ಕಾಫಿಪುಡಿಯನ್ನು ಮೆತ್ತಿ ಮತ್ತೆ ಸುತ್ತಿದೆನು, ಮತ್ತೆ ಬಿಚ್ಚಿದೆನು. ಹದಿನಾಲ್ಕು ಬಂಧಗಳನ್ನು ಬಲ್ಲವನಿಗೆ ಒಂದು ಕಟ್ಟು ಬರಲಿಲ್ಲ! ದಾರಿಯಲ್ಲಿ ಹೋಗುತ್ತಿದ್ದ ಲಾರಿಯ ಕ್ಲೀನರೊಬ್ಬನು ಓಡಿಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಅಂಗೈಯಿಂದ ಗಾಯವನ್ನು ಅದುಮಿ, ಆಸ್ಪತ್ರೆಯವರೆಗೂ ಹಿಡಿದ ಕೈ ಬಿಡದೆ ಹೋದನು. ಹುಡುಗನು ಉಳಿದನು. ಅವನ ಎರಡು ಬೆರಳುಗಳು ಮಾತ್ರ ಇಂದಿಗೂ ಮಡಿಸವು.

ಇದನ್ನು ಮಗನಿಗೆ ಹೇಳಿದುದು ಅಂದೇ ಮೊದಲು. ಅವನು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. “ಬಿಚ್ಚಿ ನೋಡಬಾರದು, ಅಪ್ಪ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಬೇಕು. ಕೈಕಾಲಿನ ರಕ್ತ ಅದಕ್ಕೂ ನಿಲ್ಲದಿದ್ದರೆ ಇದು” ಎಂದು ಒಂದೂವರೆ ಅಂಗುಲ ಅಗಲದ ಪಟ್ಟಿಯೊಂದನ್ನು ತೋರಿಸಿದನು. ಟೂರ್ನಿಕೆಟ್ ಎಂದು ಅದರ ಹೆಸರು. ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು ಬಿಗಿದು, ಅದರಲ್ಲಿರುವ ಕಡ್ಡಿಯನ್ನು ರಕ್ತ ನಿಲ್ಲುವವರೆಗೆ ತಿರುಪಿ, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಸಡಿಲಿಸುವುದು ವೈದ್ಯರ ಕೆಲಸ. ನನ್ನ ತೋಳಿಗೇ ಬಿಗಿದು ತೋರಿಸಿದನು. ಮಣಿಕಟ್ಟಿನ ನಾಡಿಯು ಅಡಗಿಹೋಯಿತು; ನಾನು ಕೂಗಿಕೊಂಡೆನು. “ನೋಯದಿದ್ದರೆ ಬಿಗಿ ಸಾಲದೆಂದೇ ಅರ್ಥ” ಎಂದು ನಕ್ಕು ಬಿಚ್ಚಿದನು.

ಚೀಲಕ್ಕಿಂತ ಕಣ್ಣು ಕೈಗಳು ಮೊದಲೆಂದು ಅವನು ಒಂದು ಸಂಗತಿಯನ್ನು ಹೇಳಿದನು. 1981ರ ಮಾರ್ಚ್ 30ರಂದು ವಾಷಿಂಗ್‌ಟನ್ನಿನಲ್ಲಿ ಅಧ್ಯಕ್ಷ ರೇಗನ್ನರ ಮೇಲೆ ಗುಂಡು ಹಾರಿದಾಗ, ಅಂಗರಕ್ಷಕ ಜೆರ್ರಿ ಪಾರ್ ಅವರನ್ನು ಕಾರಿನೊಳಕ್ಕೆ ನೂಕಿ ಮೈಯನ್ನೆಲ್ಲ ತಡವಿದನು, ಗಾಯ ಸಿಕ್ಕಲಿಲ್ಲ. ತುಟಿಯಲ್ಲಿ ನೊರೆಗೂಡಿದ ಕೆಂಪು ರಕ್ತವನ್ನು ಕಂಡು, ಪೆಟ್ಟು ಶ್ವಾಸಕೋಶಕ್ಕೆಂದು ಅರಿತು, ಶ್ವೇತಭವನದತ್ತ ಹೊರಟಿದ್ದ ಕಾರನ್ನು ಆಸ್ಪತ್ರೆಗೆ ತಿರುಗಿಸಿದನು. ರೇಗನ್ನರು ಬದುಕಿದರು.

ಚೀಲವು ತುಂಬಿತು. ಹೊಸ ಪಟ್ಟಿಯೊಂದು ಒಳಗೆ ಸೇರಿತು. ಅಂಥದೇ ಇನ್ನೊಂದನ್ನು ಅವನು ತನ್ನ ಸೊಂಟದ ಪಟ್ಟಿಯ ನಡುವೆ, ಎಡಗೈಗೂ ಬಲಗೈಗೂ ಎಟುಕುವಂತೆ ಸಿಕ್ಕಿಸಿಕೊಂಡನು.

“ಅದು ಯಾರಿಗೆ?” ಎಂದೆನು.

“ನನಗೆ” ಎಂದನು.

ಅಭ್ಯಾಸಕ್ಕೆ ಬಳಸಿದುದನ್ನು ಕೆಲಸಕ್ಕೆ ಒಯ್ಯಬಾರದಂತೆ. ಆದುದರಿಂದ ನನ್ನ ತೋಳಿಗೆ ಬಿಗಿದಿದ್ದುದು ನನ್ನಲ್ಲಿಯೇ ಉಳಿಯಿತು. ಪಂಚಾಂಗದ ಪಕ್ಕದ ಮೊಳೆಗೆ ಅದನ್ನು ತೂಗುಹಾಕಿದ್ದೇನೆ. ಮಗನ ಫೋನು ಬರುವ ಹೊತ್ತು ಮೀರಿದರೆ, ಅದನ್ನು ತೆಗೆದು ಒಂದೇ ಕೈಯಿಂದ ಎಡತೋಳಿಗೆ ಬಿಗಿದು ಬಿಚ್ಚುತ್ತಿರುತ್ತೇನೆ. ಭುಜದ ನೋವಿಗೆ ವೈದ್ಯರು ಕೊಟ್ಟುದೆಂದು ಮನೆಯಾಕೆಯು ತಿಳಿದಿದ್ದಾಳೆ.