ಅಮ್ಮನ ಗ್ಯಾಸ್ಟ್ರಿಕ್

ನಮ್ಮನೆಯಲ್ಲಿ ಅಮ್ಮನ ಹೊಟ್ಟೆನೋವಿಗೆ ಇದ್ದದ್ದು ಒಂದೇ ಹೆಸರು, ಗ್ಯಾಸ್ಟ್ರಿಕ್. ಕಾರಣವೂ ಒಂದೇ. 'ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ಎಲ್ಲಾ ತಲೆಗೆ ಹಚ್ಕೋತಾಳೆ.' ಅಪ್ಪ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿಕೊಳ್ಳುವವಳು ಹೊತ್ತಿಗೆ ಉಣ್ಣುವುದು ಹೇಗೆ ಅಂತ ಯಾರೂ ಕೇಳಲಿಲ್ಲ. ನಡುರಾತ್ರಿ ಅವಳು ಎದ್ದು ಜೀರಿಗೆ ನೀರು ಕುದಿಸುವ ಸದ್ದು ಕೇಳಿದರೆ ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಕಳೆದ ವರ್ಷ ಹೊಸ ಡಾಕ್ಟರೊಬ್ಬರು ಉಸಿರಿನ ಪರೀಕ್ಷೆ ಬರೆದುಕೊಟ್ಟರು. ಹೊಟ್ಟೆನೋವಿಗೆ ಉಸಿರು ಯಾಕೆ ಅಂತ ಅಮ್ಮನಿಗೆ ಅನುಮಾನ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಯೂರಿಯಾ ಒಡೆದು, ಆ ಅಮೋನಿಯಾದ ಮರೆಯಲ್ಲಿ ಜಠರದ ಆಮ್ಲದಿಂದ ಉಳಿದುಕೊಳ್ಳುತ್ತದೆ. ಇಂಗಾಲ-13 ಇರುವ ಯೂರಿಯಾ ಕುಡಿಸಿದರೆ ಅದನ್ನೂ ಒಡೆಯುತ್ತದೆ. ಆ ಇಂಗಾಲ ರಕ್ತಕ್ಕೆ ಸೇರಿ, ಕೊನೆಗೆ ಉಸಿರಿನಲ್ಲಿ ಹೊರಬಂದು ಸಿಕ್ಕಿಬೀಳುತ್ತದೆ. ಅಮ್ಮ ಒಂದು ಚೀಲಕ್ಕೆ ಊದಿದಳು, ಕುಡಿದಳು, ಅರ್ಧ ಗಂಟೆ ಕೂತು ಇನ್ನೊಂದಕ್ಕೆ ಊದಿದಳು. ನೆಗೆಟಿವ್.

'ಸುಮ್ನೆ ದುಡ್ಡು ದಂಡ' ಅಂದಳು, ತಪ್ಪು ಮಾಡಿದವಳ ಹಾಗೆ.

ಡಾಕ್ಟರು ರಿಪೋರ್ಟು ಬದಿಗಿಟ್ಟು, 'ಆಸಿಡಿಟಿ ಮಾತ್ರೆ ಯಾವಾಗ ನಿಲ್ಲಿಸಿದ್ರಿ ಅಮ್ಮಾ?' ಅಂದರು. ನಿಲ್ಲಿಸಿರಲಿಲ್ಲ. 2 ವಾರ ಮೊದಲೇ ನಿಲ್ಲಿಸಿ ಅಂತ ಚೀಟಿಯಲ್ಲಿತ್ತು. ಓದಬೇಕಾಗಿದ್ದವನು ನಾನು. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಓಡಿಸುವುದಿಲ್ಲ, ಪರೀಕ್ಷೆಯ ಕಣ್ಣಿಗೆ ಬೀಳದ ಹಾಗೆ ಅಡಗಿಸಿಡಬಹುದು ಅಷ್ಟೇ.

ಮಾತ್ರೆಯಿಲ್ಲದ ಆ 2 ವಾರ ಅಮ್ಮ ಪಟ್ಟ ಪಾಡಿಗೆ ನನ್ನ ಸೋಮಾರಿತನವೇ ಕಾರಣ. ಅದಕ್ಕೇ ಇರಬೇಕು, ರಾತ್ರಿ ನಾನೂ ಎದ್ದು ಅಡುಗೆಮನೆಯಲ್ಲಿ ಕೂರತೊಡಗಿದೆ. ಒಂದು ರಾತ್ರಿ ಬ್ಯಾರಿ ಮಾರ್ಷಲ್ ಕತೆ ಹೇಳಿದೆ. ಹುಣ್ಣಿಗೆ ಚಿಂತೆ, ಖಾರಗಳೇ ಕಾರಣ ಅಂತ ಜಗತ್ತೇ ನಂಬಿದ್ದಾಗ, 1984ರಲ್ಲಿ ಆಸ್ಟ್ರೇಲಿಯಾದ ಈ ಡಾಕ್ಟರು ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು.

'ಹೆಂಡತಿಗೆ ಹೇಳಿ ಕುಡಿದರಂತಾ?'

'ಮೊದಲೇ ಹೇಳಿರಲಿಲ್ಲವಂತೆ.'

'ಹೇಳಿದ್ರೆ ಬಿಡ್ತಿದ್ಲಾ' ಅಂತ ಲೋಟ ತೊಳೆದಿಟ್ಟಳು.

ಎರಡನೇ ಪರೀಕ್ಷೆ ಪಾಸಿಟಿವ್. ಅಮ್ಮ ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

'ಹಾಗಾದ್ರೆ ನಾನು ಚಿಂತೆ ಮಾಡಿ ತಂದ್ಕೊಂಡಿದ್ದಲ್ಲ ಅನ್ನು. ನಿಮ್ಮಪ್ಪನಿಗೂ ಓದಿ ಹೇಳು.'

ಓದಿದೆ. ಅಪ್ಪ ಕಾಗದ ಇಸಕೊಂಡು, ಕನ್ನಡಕ ಹಾಕಿಕೊಂಡು ತಾವೇ ಇನ್ನೊಮ್ಮೆ ಓದಿದರು. ಏನೂ ಅನ್ನಲಿಲ್ಲ.

14 ದಿನದ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿದಿದೆ. 4 ವಾರ ಕಳೆದ ಮೇಲೆ ಅಮ್ಮ ಮತ್ತೆ ಊದಬೇಕು. ಈ ಸಲ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.